ಕಾಲೇಜಿನ ಲೈಸೆನ್ಸಿನಲ್ಲಿ ಮ್ಯಾಟ್‌ಲ್ಯಾಬ್: ಮೇಲ್ ಐಡಿಯಿಂದ ಮೊದಲ ಲೆಕ್ಕದವರೆಗೆ

ಸೆಮಿಸ್ಟರ್ ಶುರುವಾಗಿ ಎರಡು ವಾರಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬುಗಳಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಸರ್, ಮ್ಯಾಟ್‌ಲ್ಯಾಬ್ ಇನ್‌ಸ್ಟಾಲ್ ಆಗೈತ್ರಿ, ಆದ್ರ ಲೈಸೆನ್ಸ್ ಇಲ್ಲ ಅಂತ ಬರಾಕತ್ತೈತಿ." ಮ್ಯಾಟ್‌ಲ್ಯಾಬ್ ಎಂದರೆ ಗಣಿತದ ಲೆಕ್ಕ ಮಾಡುವ ಸಾಫ್ಟ್‌ವೇರ್. ಅದನ್ನು ಇಳಿಸಿಕೊಳ್ಳುವುದು ಬೇರೆ, ಅದನ್ನು ಓಡಿಸುವ ಹಕ್ಕು ಬೇರೆ. ಆ ಹಕ್ಕಿಗೆ ಮೂರು ಗಂಟು ಹಾಕಿರುತ್ತಾರೆ: ನಿಮ್ಮ ಮೇಲ್ ಐಡಿಗೆ ಒಂದು, ನಿಮ್ಮ ಕಂಪ್ಯೂಟರಿಗೆ ಒಂದು, ತಾರೀಖಿಗೆ ಒಂದು. ಮುಂದೆ ಬರುವ ಎರರ್‌ಗಳಲ್ಲಿ ಮುಕ್ಕಾಲು ಪಾಲು ಈ ಮೂರರಲ್ಲಿ ಯಾವುದೋ ಒಂದು ಸಡಿಲಾದದ್ದರಿಂದಲೇ ಬರುತ್ತವೆ. ಯಾವ ಗಂಟು ಎಂದು ಗೊತ್ತಾದರೆ ಸಾಫ್ಟ್‌ವೇರನ್ನು ಕಿತ್ತು ಮತ್ತೆ ಹಾಕುವ ಕೆಲಸ ತಪ್ಪುತ್ತದೆ.

ಇಲ್ಲಿ ಹೆಚ್ಚಿನ ಮಾತು ಮ್ಯಾಟ್‌ಲ್ಯಾಬಿನದು, ಏಕೆಂದರೆ ಹೆಚ್ಚು ಜನ ಕೇಳುವುದು ಅದನ್ನೇ. ಇದೇ ಬಗೆಯ ಮ್ಯಾಥಮ್ಯಾಟಿಕಾ ಮತ್ತು ಪುಕ್ಕಟೆ ಸಿಗುವ ಆಕ್ಟೇವ್ ವಿಷಯ ಕೊನೆಗಿದೆ.

ಲೈಸೆನ್ಸ್ ಯಾರ ಹೆಸರಿನಲ್ಲಿದೆ

ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ. ವಿಟಿಯುಗೆ ಸೇರಿದ ಕಾಲೇಜು ಎಂದ ಮಾತ್ರಕ್ಕೆ, ಒಂದೇ ಸಂಸ್ಥೆಯ ಇನ್ನೊಂದು ಕಾಲೇಜಿನಲ್ಲಿ ಇದೆ ಎಂದ ಮಾತ್ರಕ್ಕೆ ನಿಮಗೂ ಹಕ್ಕಿದೆ ಎಂದುಕೊಳ್ಳಬೇಡಿ. ಯಾರ ಹೆಸರಿನಲ್ಲಿ ಕೊಂಡಿದ್ದಾರೋ ಅವರ ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ ಮಾತ್ರ ಅದು ಸಲ್ಲುತ್ತದೆ. ಡಿಪಾರ್ಟ್‌ಮೆಂಟಿನ ಸಿಸ್ಟಮ್ ಅಡ್ಮಿನ್ ಅಥವಾ ಲ್ಯಾಬ್ ಇನ್‌ಸ್ಟ್ರಕ್ಟರ್ ಬಳಿ ಕೇಳಬೇಕಾದದ್ದು "ಮ್ಯಾಟ್‌ಲ್ಯಾಬ್ ಇದೆಯಾ?" ಎಂದಲ್ಲ. "ಕ್ಯಾಂಪಸ್‌ವೈಡ್ ಲೈಸೆನ್ಸಾ, ಲ್ಯಾಬಿಗೆ ಮಾತ್ರ ಇರುವ ನೆಟ್‌ವರ್ಕ್ ಲೈಸೆನ್ಸಾ?" ಎಂದು ಕೇಳಿ.

ಕ್ಯಾಂಪಸ್‌ವೈಡ್ ಆದರೆ ನಿಮ್ಮ ಸ್ವಂತ ಲ್ಯಾಪ್‌ಟಾಪಿಗೂ ಹಾಕಿಕೊಳ್ಳಬಹುದು. ನೆಟ್‌ವರ್ಕ್ ಲೈಸೆನ್ಸ್ ಆದರೆ ಲ್ಯಾಬಿನ ಸರ್ವರಿನಲ್ಲಿ ಇಷ್ಟು ಸೀಟು ಎಂದು ಲೆಕ್ಕ ಇರುತ್ತದೆ, ಮನೆಯಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ಮ್ಯಾಟ್‌ಲ್ಯಾಬ್ ಮಾಡುವ ಮ್ಯಾಥ್‌ವರ್ಕ್ಸ್ ಕಂಪನಿಯ ವೆಬ್‌ಸೈಟಿನಲ್ಲೂ ಕಾಲೇಜು ಮೇಲ್ ಐಡಿ ಕೊಟ್ಟು ಕ್ಯಾಂಪಸ್ ಲೈಸೆನ್ಸ್ ಇದೆಯೋ ಇಲ್ಲವೋ ನೋಡಬಹುದು. ಎರಡು ನಿಮಿಷದ ಕೆಲಸ, ಯಾರನ್ನೂ ಕಾಯಬೇಕಿಲ್ಲ.

ಮೊದಲ ಗಂಟು: ಮೇಲ್ ಐಡಿ

ಮ್ಯಾಥ್‌ವರ್ಕ್ಸ್ ಅಕೌಂಟನ್ನು ಜಿಮೇಲಿನಿಂದ ತೆರೆಯುವುದೇ ಅತಿ ಸಾಮಾನ್ಯ ತಪ್ಪು. ಜಿಮೇಲಿನಿಂದಲೂ ಅಕೌಂಟ್ ತೆರೆಯುತ್ತದೆ, 30 ದಿನದ ಟ್ರಯಲ್ ಸಿಗುತ್ತದೆ, ಎಲ್ಲ ಸರಿಯಾಗಿದೆ ಎಂದೇ ಅನಿಸುತ್ತದೆ. 31ನೇ ದಿನ, ಸರಿಯಾಗಿ ಇಂಟರ್ನಲ್ಸ್ ಹೊತ್ತಿಗೆ, ಬಾಗಿಲು ಮುಚ್ಚುತ್ತದೆ. ಆದ್ದರಿಂದ ಕಾಲೇಜು ಕೊಟ್ಟ ಮೇಲ್ ಐಡಿಯಿಂದಲೇ ಅಕೌಂಟ್ ತೆರೆಯಿರಿ.

ಆ ಮೇಲ್ ಬಾಕ್ಸನ್ನು ಅಡ್ಮಿಶನ್ ಆದ ಮೇಲೆ ಒಮ್ಮೆಯೂ ತೆರೆಯದವರೇ ಬಹಳ. ಪಾಸ್‌ವರ್ಡ್ ಮರೆತಿದ್ದರೆ ಮೊದಲು ಅದನ್ನು ರೀಸೆಟ್ ಮಾಡಿಸಿಕೊಳ್ಳಿ, ಏಕೆಂದರೆ ಖಾತರಿ ಮಾಡಿಕೊಳ್ಳುವ ಲಿಂಕ್ ಬರುವುದು ಅಲ್ಲಿಗೇ. ಹತ್ತು ನಿಮಿಷದಲ್ಲಿ ಬರದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ. ಅಲ್ಲೂ ಇಲ್ಲದಿದ್ದರೆ ಕಾಲೇಜಿನ ಮೇಲ್ ಹೊರಗಿನಿಂದ ಬರುವ ಪತ್ರಗಳನ್ನು ತಡೆಯುತ್ತಿರಬಹುದು, ಅಡ್ಮಿನ್‌ಗೆ ಹೇಳಿ ಬಿಡಿಸಬೇಕು. ಐಡಿಯನ್ನು ವಿಶ್ವವಿದ್ಯಾಲಯದ ವಿದ್ಯಾರ್ಥಿ ನಂಬರ್ ಆದ ಯುಎಸ್‌ಎನ್‌ನಿಂದ ಮಾಡಿದ್ದರೆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಒತ್ತಿದ್ದೀರಾ ಎಂದೂ ನೋಡಿಕೊಳ್ಳಿ.

ಅಕೌಂಟ್ ಆಯಿತು ಎಂದ ಕೂಡಲೇ ಡೌನ್‌ಲೋಡಿಗೆ ಇಳಿಯಬೇಡಿ. ಲಾಗಿನ್ ಆಗಿ ನಿಮ್ಮ ಅಕೌಂಟ್ ಪುಟದಲ್ಲಿ ಲೈಸೆನ್ಸ್ ನಂಬರ್ ಕಾಣುತ್ತದೆಯೇ ನೋಡಿ. ಕ್ಯಾಂಪಸ್ ಲೈಸೆನ್ಸ್ ಆದರೆ ಅದರ ಜೊತೆ 'ಟೋಟಲ್ ಹೆಡ್‌ಕೌಂಟ್' ಎಂಬ ಮಾತು ಇರುತ್ತದೆ. ಅದು ಕಾಣದಿದ್ದರೆ 10 ಜಿಬಿ ಇಳಿಸಿಕೊಂಡೂ ಪ್ರಯೋಜನವಿಲ್ಲ. ಬ್ರೌಸರಿನಲ್ಲಿ ಮ್ಯಾಟ್‌ಲ್ಯಾಬ್ ಆನ್‌ಲೈನ್ ತೆರೆಯಿತು ಎಂಬುದನ್ನು ಪುರಾವೆ ಎಂದುಕೊಳ್ಳಬೇಡಿ. ಲೈಸೆನ್ಸ್ ಇಲ್ಲದವರಿಗೂ ಅದರ ಬೇಸಿಕ್ ರೂಪ ತಿಂಗಳಿಗೆ 20 ಗಂಟೆ ಪುಕ್ಕಟೆ ಸಿಗುತ್ತದೆ.

ಹಾಗೆ ನೋಡಿದರೆ ಮೊದಲ ವರ್ಷದ ಗಣಿತ ಲ್ಯಾಬಿಗೆ ಆನ್‌ಲೈನ್ ಸಾಕು. ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್ ಇರುವವರು ಇನ್‌ಸ್ಟಾಲ್ ಮಾಡುವ ಗೋಜಿಗೇ ಹೋಗದಿರುವುದು ಮೇಲು.

ಇಳಿಸಿಕೊಳ್ಳುವುದು

ಈಗಿನ ಆವೃತ್ತಿಗಳಿಗೆ ಕನಿಷ್ಠ 8 ಜಿಬಿ ರ್‍ಯಾಮ್ ಬೇಕು, 16 ಇದ್ದರೆ ಸುಖ. 32 ಬಿಟ್ ವಿಂಡೋಸಿಗೆ 2015ರ ಬಿ ಆವೃತ್ತಿಯೇ ಕೊನೆ. ವರ್ಷಕ್ಕೆ ಎರಡು ಆವೃತ್ತಿ ಬರುತ್ತವೆ, ಮಾರ್ಚ್ ಸುಮಾರಿಗೆ ಎ, ಸೆಪ್ಟೆಂಬರ್ ಸುಮಾರಿಗೆ ಬಿ. ಎಲ್ಲಕ್ಕಿಂತ ಹೊಸದೇ ಬೇಕೆಂದಿಲ್ಲ. ಲ್ಯಾಬಿನಲ್ಲಿ ಯಾವುದಿದೆಯೋ ಅದನ್ನೇ ಹಾಕಿಕೊಳ್ಳಿ. ಮನೆಯಲ್ಲಿ ಹೊಸ ಆವೃತ್ತಿಯಲ್ಲಿ ಮಾಡಿದ ಸಿಮುಲಿಂಕ್ (ಬ್ಲಾಕುಗಳನ್ನು ಜೋಡಿಸಿ ಮಾಡೆಲ್ ಮಾಡುವ ಮ್ಯಾಟ್‌ಲ್ಯಾಬಿನ ಜೊತೆಗಾರ) ಮಾಡೆಲ್ ಲ್ಯಾಬಿನ ಹಳೆಯ ಆವೃತ್ತಿಯಲ್ಲಿ ನೆಟ್ಟಗೆ ತೆರೆಯದೆ ಪ್ರಾಕ್ಟಿಕಲ್ ದಿನ ಪೇಚಿಗೆ ಸಿಕ್ಕುವುದು ಬೇಡ.

ವೆಬ್‌ಸೈಟಿನಿಂದ ಮೊದಲು ಬರುವುದು ಚಿಕ್ಕ ಇನ್‌ಸ್ಟಾಲರ್ ಫೈಲ್ ಮಾತ್ರ. ಅದನ್ನು ಓಡಿಸಿ ಲಾಗಿನ್ ಆದ ಮೇಲೆ ಅದು ಲೈಸೆನ್ಸ್ ತೋರಿಸುತ್ತದೆ, ಕಂಪ್ಯೂಟರಿನ ಯೂಸರ್‌ನೇಮ್ ಖಾತರಿ ಮಾಡಿಸಿಕೊಳ್ಳುತ್ತದೆ, ಎಲ್ಲಿ ಹಾಕಬೇಕು ಎಂದು ಕೇಳುತ್ತದೆ, ಕೊನೆಗೆ ಟೂಲ್‌ಬಾಕ್ಸುಗಳ, ಅಂದರೆ ಒಂದೊಂದು ವಿಷಯಕ್ಕೆ ಬೇಕಾದ ಹೆಚ್ಚುವರಿ ಫಂಕ್ಷನ್‌ಗಳ ಗುಂಪುಗಳ, ಉದ್ದನೆಯ ಪಟ್ಟಿ ಮುಂದಿಡುತ್ತದೆ.

ಆ ಪಟ್ಟಿಯಲ್ಲಿ ಎಲ್ಲಕ್ಕೂ ಟಿಕ್ ಹಾಕುವ ಆಸೆ ಬೇಡ. ಮ್ಯಾಟ್‌ಲ್ಯಾಬ್ ಒಂದೇ ಆದರೆ ಡಿಸ್ಕಿನಲ್ಲಿ ಸುಮಾರು 4 ಜಿಬಿ ಹಿಡಿಯುತ್ತದೆ, ಎಲ್ಲ ಸೇರಿದರೆ 20 ಜಿಬಿ ದಾಟುತ್ತದೆ. ಮೊದಲ ವರ್ಷಕ್ಕೆ ಮ್ಯಾಟ್‌ಲ್ಯಾಬ್ ಮತ್ತು ಸಿಂಬಾಲಿಕ್ ಮ್ಯಾಥ್ ಟೂಲ್‌ಬಾಕ್ಸ್ ಸಾಕು. ಇ ಅಂಡ್ ಸಿಯವರಿಗೆ ಸಿಗ್ನಲ್ ಪ್ರಾಸೆಸಿಂಗ್ ಬೇಕಾಗುತ್ತದೆ. ಎಲೆಕ್ಟ್ರಿಕಲ್‌ನವರು ಸಿಮ್‌ಸ್ಕೇಪ್ ಎಲೆಕ್ಟ್ರಿಕಲ್ ಬೇಕೆಂದರೆ ಸಿಮುಲಿಂಕ್ ಮತ್ತು ಸಿಮ್‌ಸ್ಕೇಪ್ ಎರಡನ್ನೂ ಹಾಕಲೇಬೇಕು, ಅವಿಲ್ಲದೆ ಅದು ನಡೆಯದು. ಗಣಿತ ಎಂಎಸ್ಸಿಯವರಿಗೆ ಸಿಂಬಾಲಿಕ್ ಜೊತೆ ಆಪ್ಟಿಮೈಸೇಶನ್ ಇರಲಿ. ಬಿಟ್ಟದ್ದನ್ನು ಆಮೇಲೆ ಹೋಮ್ ಟ್ಯಾಬಿನ 'ಆಡ್-ಆನ್ಸ್'ನಿಂದ ಯಾವಾಗ ಬೇಕಾದರೂ ಸೇರಿಸಿಕೊಳ್ಳಬಹುದು.

ಹಾಸ್ಟೆಲಿನ ವೈಫೈ, ಊರಲ್ಲಿ ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್, ನಡುವೆ ಹೋಗುವ ಕರೆಂಟು: ಇವಕ್ಕೆಲ್ಲ ಇನ್‌ಸ್ಟಾಲರ್‌ನಲ್ಲೇ ಉಪಾಯ ಇದೆ, ಬಹಳ ಜನ ನೋಡಿರುವುದಿಲ್ಲ. ಮೇಲ್ಗಡೆ ಬಲಮೂಲೆಯ 'ಅಡ್ವಾನ್ಸ್ಡ್ ಆಪ್ಶನ್ಸ್' ಒತ್ತಿ, ಇನ್‌ಸ್ಟಾಲ್ ಮಾಡದೆ ಡೌನ್‌ಲೋಡ್ ಮಾತ್ರ ಮಾಡುವ ಆಯ್ಕೆ ಆರಿಸಿ. ಕಾಲೇಜಿನ ನೆಟ್ ಚುರುಕಾಗಿರುವ ಹೊತ್ತಿನಲ್ಲಿ ಪೆನ್‌ಡ್ರೈವಿಗೆ ಇಳಿಸಿಕೊಂಡು ಮನೆಯಲ್ಲಿ ಹಾಕಿಕೊಳ್ಳಬಹುದು. ನಾಲ್ವರು ಗೆಳೆಯರಿಗೆ ಒಂದೇ ಪೆನ್‌ಡ್ರೈವ್ ಸಾಕು, ಆದರೆ ಆಕ್ಟಿವೇಶನ್ ಹೊತ್ತಿಗೆ ಪ್ರತಿಯೊಬ್ಬರೂ ಅವರವರ ಅಕೌಂಟಿನಿಂದಲೇ ಲಾಗಿನ್ ಆಗಬೇಕು.

ಕಾಲೇಜಿನ ನೆಟ್ಟಿಗೆ ಪ್ರಾಕ್ಸಿ (ಹೊರಗಿನ ನೆಟ್ಟಿಗೆ ದಾಟಿಸುವ ನಡುವಿನ ಸರ್ವರ್) ಇದ್ದರೆ ಬ್ರೌಸರ್ ನಡೆಯುತ್ತದೆ, ಇನ್‌ಸ್ಟಾಲರ್ ಮಾತ್ರ ಕನೆಕ್ಷನ್ ಇಲ್ಲ ಎನ್ನುತ್ತದೆ. ಪ್ರಾಕ್ಸಿಯ ವಿಳಾಸವನ್ನು ಬ್ರೌಸರಿಗೆ ಮಾತ್ರ ಕೊಟ್ಟಿರುವುದು ಇದಕ್ಕೆ ಕಾರಣ. ವಿಂಡೋಸಿನ ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ಅದನ್ನು ಹಾಕಿ ಮತ್ತೆ ಓಡಿಸಿ.

ಎರಡನೇ ಗಂಟು: ಕಂಪ್ಯೂಟರ್

ಆಕ್ಟಿವೇಶನ್ ಆದಾಗ ಲೈಸೆನ್ಸ್ ಫೈಲಿನಲ್ಲಿ ಎರಡು ಸಂಗತಿ ಸೇರುತ್ತವೆ: ಯಂತ್ರದ ಹೋಸ್ಟ್ ಐಡಿ, ಅದರಲ್ಲಿ ಲಾಗಿನ್ ಆಗುವವರ ಯೂಸರ್‌ನೇಮ್. ವಿಂಡೋಸಿನಲ್ಲಿ ಹೋಸ್ಟ್ ಐಡಿ ಎಂದರೆ ಸಿ ಡ್ರೈವಿನ ವಾಲ್ಯೂಮ್ ಸೀರಿಯಲ್ ನಂಬರ್. ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಆ ನಂಬರ್ ಬದಲಾಗುತ್ತದೆ, ಹಳೆಯ ಲೈಸೆನ್ಸ್ ಫೈಲನ್ನು ಎಷ್ಟು ಜೋಪಾನವಾಗಿ ಎತ್ತಿಟ್ಟರೂ ಕೆಲಸಕ್ಕೆ ಬರದು. ಫಾರ್ಮ್ಯಾಟ್ ಮಾಡಿಸುವ ಮುಂಚೆ ಮ್ಯಾಟ್‌ಲ್ಯಾಬಿನ ಹೆಲ್ಪ್ ಮೆನುವಿನ ಲೈಸೆನ್ಸಿಂಗ್‌ನಲ್ಲಿ ಡಿಆಕ್ಟಿವೇಟ್ ಮಾಡಿ. ಮರೆತಿದ್ದರೆ ವೆಬ್‌ಸೈಟಿನ ಲೈಸೆನ್ಸ್ ಸೆಂಟರಿಗೆ ಹೋಗಿ ಹಳೆಯ ಯಂತ್ರವನ್ನು ತೆಗೆದುಹಾಕಿ.

ಎರರ್ ನಂಬರುಗಳನ್ನು ಈಗ ಓದಿದರೆ ಅರ್ಥವಾಗುತ್ತವೆ.

ಮೈನಸ್ 9 ಬಂದರೆ ಯೂಸರ್‌ನೇಮ್ ಅಥವಾ ಹೋಸ್ಟ್ ಹೊಂದುತ್ತಿಲ್ಲ. ಅಣ್ಣನ ಲಾಗಿನ್‌ನಲ್ಲಿ ಇನ್‌ಸ್ಟಾಲ್ ಮಾಡಿ ನಿಮ್ಮ ಲಾಗಿನ್‌ನಲ್ಲಿ ತೆರೆದಾಗ ಬರುವುದು ಇದೇ. ಕಮಾಂಡ್ ಪ್ರಾಂಪ್ಟಿನಲ್ಲಿ 'ಹೂ ಆಮ್ ಐ' ಎಂಬ ಮೂರು ಇಂಗ್ಲಿಷ್ ಪದಗಳನ್ನು ನಡುವೆ ಜಾಗ ಬಿಡದೆ ಟೈಪ್ ಮಾಡಿ. ಓರೆಗೆರೆಯ ನಂತರ ಬರುವುದೇ ನಿಜವಾದ ಯೂಸರ್‌ನೇಮ್. ಸ್ಕ್ರೀನಿನ ಮೇಲೆ ಕಾಣುವ ಅಂದದ ಹೆಸರು ಬೇರೆ ಇರಬಹುದು. ದೊಡ್ಡಕ್ಷರ ಸಣ್ಣಕ್ಷರವನ್ನೂ ಹಾಗೇ ಉಳಿಸಿ ಮತ್ತೆ ಆಕ್ಟಿವೇಟ್ ಮಾಡಿ.

ಮೈನಸ್ 1 ಎಂದರೆ ಲೈಸೆನ್ಸ್ ಫೈಲೇ ಸಿಕ್ಕಿಲ್ಲ, ಅಂದರೆ ಇನ್‌ಸ್ಟಾಲ್ ಆಗಿದೆ, ಆಕ್ಟಿವೇಟ್ ಆಗಿಲ್ಲ. ಮೈನಸ್ 5 ಎಂದರೆ ನೀವು ಕರೆದ ಟೂಲ್‌ಬಾಕ್ಸ್ ನಿಮ್ಮ ಲೈಸೆನ್ಸಿನಲ್ಲಿ ಇಲ್ಲ. ಮೈನಸ್ 15 ಲ್ಯಾಬಿನ ನೆಟ್‌ವರ್ಕ್ ಲೈಸೆನ್ಸಿನದು, ಸರ್ವರ್ ಸಿಗುತ್ತಿಲ್ಲ ಎಂದರ್ಥ. ಸರ್ವರ್ ಆಫ್ ಆಗಿರಬಹುದು, ಕೇಬಲ್ ಬಿಚ್ಚಿರಬಹುದು, ಇಲ್ಲವೇ ಫೈರ್‌ವಾಲ್ 27000ನೇ ಪೋರ್ಟನ್ನು ತಡೆದಿರಬಹುದು. ಸಾಮಾನ್ಯವಾಗಿ ಸರ್ವರ್ ಕೇಳುವುದು ಆ ಪೋರ್ಟಿನಲ್ಲಿ.

ಮೈನಸ್ 4 ಬಂದರೆ ಸೀಟು ತುಂಬಿವೆ. ಲ್ಯಾಬ್ ನಡೆಸುವವರು ಇದರ ಒಳಗುಟ್ಟು ತಿಳಿದಿರಬೇಕು. ಟೂಲ್‌ಬಾಕ್ಸಿನ ಒಂದು ಫಂಕ್ಷನ್ ಮೊದಲ ಸಲ ಕರೆದಾಗಲೇ ಸೀಟು ಹೋಗುತ್ತದೆ, ಮತ್ತು ಮ್ಯಾಟ್‌ಲ್ಯಾಬ್ ಮುಚ್ಚುವವರೆಗೆ ವಾಪಸ್ ಬರುವುದಿಲ್ಲ. ಹಿಂದಿನ ಬ್ಯಾಚಿನವರು ಕಿಟಕಿಯನ್ನು ಮಿನಿಮೈಸ್ ಮಾಡಿ ಎದ್ದು ಹೋಗಿದ್ದರೆ 25 ಸೀಟಿನ ಲ್ಯಾಬಿನಲ್ಲಿ 10 ಜನಕ್ಕೂ ಸಿಗದಿರಬಹುದು. ಸರ್ವರಿಗೆ ಬೈಯುವ ಮೊದಲು ಸಾಲಾಗಿ ಹೋಗಿ ತೆರೆದಿರುವ ಮ್ಯಾಟ್‌ಲ್ಯಾಬ್‌ಗಳನ್ನು ಮುಚ್ಚಿಸಿ.

ಮೂರನೇ ಗಂಟು: ತಾರೀಖು

ಕ್ಯಾಂಪಸ್ ಲೈಸೆನ್ಸನ್ನು ಕಾಲೇಜು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಿಸುತ್ತದೆ. ನಿಮ್ಮ ಯಂತ್ರದಲ್ಲಿರುವ ಫೈಲಿಗೆ ಮಾತ್ರ ಹಳೆಯ ತಾರೀಖೇ ಇರುತ್ತದೆ. ಮೈನಸ್ 10 ಎಂದರೆ ಅವಧಿ ಮುಗಿದಿದೆ. ಇದಕ್ಕೆ ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ. ಹೆಲ್ಪ್, ಅದರೊಳಗೆ ಲೈಸೆನ್ಸಿಂಗ್, ಅದರೊಳಗೆ 'ಅಪ್‌ಡೇಟ್ ಕರೆಂಟ್ ಲೈಸೆನ್ಸಸ್' ಒತ್ತಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಅದೂ ಆಗದಿದ್ದರೆ ಕಾಲೇಜಿನ ನವೀಕರಣವೇ ಬಾಕಿ ಇದೆ ಎಂದು ತಿಳಿಯಿರಿ.

ಲ್ಯಾಬಿನ ಹಳೆಯ ಯಂತ್ರಗಳಲ್ಲಿ ಇನ್ನೊಂದು ಕಾಟ. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತು, ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಲೈಸೆನ್ಸ್ ಇನ್ನೂ ಶುರುವೇ ಆಗಿಲ್ಲ ಎಂದೋ, ಗಡಿಯಾರ ತಿರುಗಿಸಿದ್ದೀರಿ ಎಂದೋ ಸಾಫ್ಟ್‌ವೇರ್ ತಕರಾರು ಮಾಡುತ್ತದೆ. ತಾರೀಖು ಸರಿ ಮಾಡಿದರೆ ಆ ದಿನ ನಡೆಯುತ್ತದೆ, ಸೆಲ್ ಬದಲಿಸಿದರೆ ಕಾಟ ತಪ್ಪುತ್ತದೆ. ಹೆಚ್ಚಿನ ಡೆಸ್ಕ್‌ಟಾಪುಗಳಲ್ಲಿ ಇರುವುದು ಸಿಆರ್2032.

ಮೊದಲ ದಿನ ಏನು ಮಾಡಬೇಕು

ಮೊದಲ ಸಲ ತೆರೆಯಲು ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಒಂದೆರಡು ನಿಮಿಷ ಹಿಡಿಯಬಹುದು, ಗಾಬರಿ ಬೇಡ. ಕಮಾಂಡ್ ವಿಂಡೋದಲ್ಲಿ 'ವರ್' (ವಿ, ಇ, ಆರ್) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಲೈಸೆನ್ಸ್ ನಂಬರ್, ಹಾಕಿರುವ ಟೂಲ್‌ಬಾಕ್ಸುಗಳ ಪಟ್ಟಿ ಬರುತ್ತದೆ. ಆಮೇಲೆ ಕರೆಂಟ್ ಫೋಲ್ಡರನ್ನು ಡಾಕ್ಯುಮೆಂಟ್ಸ್ ಒಳಗೆ ನಿಮ್ಮದೇ ಒಂದು ಫೋಲ್ಡರಿಗೆ ಬದಲಿಸಿ. ಪ್ರೋಗ್ರಾಮ್ ಫೈಲ್ಸ್ ಒಳಗೆ ಸೇವ್ ಮಾಡಲು ಹೋದರೆ ವಿಂಡೋಸ್ ಬಿಡುವುದಿಲ್ಲ.

ಫೈಲ್ ಹೆಸರಿನಲ್ಲಿ ಈ ಭಾಗದವರು ಖಾಯಂ ಎಡವುತ್ತಾರೆ. ಯುಎಸ್‌ಎನ್ ಹಾಕಿಯೇ ಸೇವ್ ಮಾಡಿ ಎಂದು ಲ್ಯಾಬಿನಲ್ಲಿ ಹೇಳುತ್ತಾರೆ. ಬೆಳಗಾವಿ ವಿಭಾಗದ ಯುಎಸ್‌ಎನ್ ಶುರುವಾಗುವುದೇ 2ರಿಂದ. ಮ್ಯಾಟ್‌ಲ್ಯಾಬ್ ಪ್ರೋಗ್ರಾಮಿನ ಹೆಸರು ಅಂಕಿಯಿಂದ ಶುರುವಾಗಬಾರದು, ನಡುವೆ ಖಾಲಿ ಜಾಗ ಇರಬಾರದು. ಮುಂದೆ ಒಂದು ಇಂಗ್ಲಿಷ್ ಅಕ್ಷರ ಸೇರಿಸಿ, ಜಾಗಕ್ಕೆ ಅಂಡರ್‌ಸ್ಕೋರ್ ಹಾಕಿ. ಫೈಲಿಗೆ 'ಪ್ಲಾಟ್', 'ಸಮ್' ಎಂದು ಹೆಸರಿಡಲೂ ಬೇಡಿ. ಹಾಗಿಟ್ಟರೆ ಮುಂದೆ ಪ್ಲಾಟ್ ಎಂದಾಗಲೆಲ್ಲ ನಿಜವಾದ ಫಂಕ್ಷನ್ ಬಿಟ್ಟು ನಿಮ್ಮ ಫೈಲೇ ಓಡುತ್ತದೆ.

ಮ್ಯಾಟ್‌ಲ್ಯಾಬ್ ಎಂಬ ಹೆಸರು ಬಂದದ್ದು ಮ್ಯಾಟ್ರಿಕ್ಸ್ ಲ್ಯಾಬೊರೇಟರಿಯಿಂದ, ಮ್ಯಾಥ್ ಲ್ಯಾಬಿನಿಂದಲ್ಲ. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಕ್ಲೀವ್ ಮೋಲರ್ ತಮ್ಮ ವಿದ್ಯಾರ್ಥಿಗಳು ಫೋರ್‌ಟ್ರಾನ್ ಬರೆಯದೆ ಮ್ಯಾಟ್ರಿಕ್ಸ್ ಲೆಕ್ಕ ಮಾಡಲಿ ಎಂದು 1970ರ ದಶಕದ ಕೊನೆಗೆ ಇದನ್ನು ಮಾಡಿದರು. ಕಂಪನಿ ಆದದ್ದು 1984ರಲ್ಲಿ. ಹಾಗಾಗಿ ಮೊದಲ ಲೆಕ್ಕವೂ ಮ್ಯಾಟ್ರಿಕ್ಸಿನದೇ ಇರಲಿ. 2 ಕಿಲೋ ಜೋಳ, 3 ಕಿಲೋ ಕಡಲೆಗೆ 330 ರೂಪಾಯಿ. 4 ಕಿಲೋ ಜೋಳ, 1 ಕಿಲೋ ಕಡಲೆಗೆ 260 ಎಂದಿಟ್ಟುಕೊಳ್ಳಿ. ಕಿಲೋ ದರ ಎಷ್ಟು?

[2 3; 4 1] \ [330; 260]

ಉತ್ತರ 45 ಮತ್ತು 80. ಅರ್ಧವಿರಾಮ ಹೊಸ ಸಾಲಿನ ಗುರುತು. ನಡುವಿನ ಗೆರೆ ಬಲಕ್ಕೆ ಬಾಗದೆ ಎಡಕ್ಕೆ ಬಾಗಿರಬೇಕು, ಬಲಕ್ಕೆ ಬಾಗಿದ ಭಾಗಾಕಾರದ ಗೆರೆ ಹಾಕಿದರೆ ಅಳತೆ ಹೊಂದುವುದಿಲ್ಲ ಎಂಬ ಎರರ್ ಬರುತ್ತದೆ. ಇದೇ ಜಾತಿಯ ಇನ್ನೊಂದು ಎರರ್ [1 2 3]*[4 5 6] ಎಂದಾಗ ಬರುತ್ತದೆ. ಒಂದಕ್ಕೊಂದು ಎದುರಿನ ಅಂಕಿ ಗುಣಿಸಬೇಕಾದರೆ ನಕ್ಷತ್ರದ ಮುಂದೆ ಚುಕ್ಕೆ ಬೇಕು: [1 2 3].*[4 5 6]. ಉತ್ತರ 4, 10, 18. ಮ್ಯಾಟ್ರಿಕ್ಸಿನಲ್ಲಿ ಸ್ಥಾನದ ಎಣಿಕೆ 1ರಿಂದ ಶುರು, ಪೈಥಾನಿನಿಂದ ಬಂದವರು ಸೊನ್ನೆ ಹಾಕಿ ಬೈಸಿಕೊಳ್ಳುತ್ತಾರೆ.

ಈಗ ಇನ್ನೊಂದು ಲೆಕ್ಕ. 61ನ್ನು ಯಾವ ವರ್ಗಸಂಖ್ಯೆಯಿಂದ ಗುಣಿಸಿ 1 ಕೂಡಿಸಿದರೆ ಮತ್ತೊಂದು ವರ್ಗಸಂಖ್ಯೆ ಸಿಗುತ್ತದೆ? 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ಚಕ್ರವಾಲ ವಿಧಾನದಿಂದ ಇದನ್ನು ಬಿಡಿಸಿದ್ದರು. ಫ್ರಾನ್ಸಿನ ಫರ್ಮಾ 1657ರಲ್ಲಿ ಇದೇ 61ನ್ನು ತನ್ನ ಕಾಲದವರಿಗೆ ಸವಾಲಾಗಿ ಹಾಕಿದ. ಭಾಸ್ಕರರು ತಮ್ಮ ಊರೆಂದು ಹೇಳಿಕೊಂಡ ವಿಜ್ಜಡವಿಡ ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಮಹಾರಾಷ್ಟ್ರದ ಕಡೆ ಎನ್ನುವವರೂ ಇದ್ದಾರೆ. ಅವರ ಉತ್ತರವನ್ನು ತಾಳೆ ನೋಡಿ:

1766319049^2 - 61*226153980^2

ಬರಬೇಕಾದದ್ದು 1. ಮ್ಯಾಟ್‌ಲ್ಯಾಬ್ ಕೊಡುವುದು 0. ಭಾಸ್ಕರರು ತಪ್ಪಿಲ್ಲ, ಲೈಸೆನ್ಸೂ ಕೆಟ್ಟಿಲ್ಲ. ಮ್ಯಾಟ್‌ಲ್ಯಾಬ್ ಸಾಮಾನ್ಯವಾಗಿ ಎಲ್ಲ ಸಂಖ್ಯೆಯನ್ನೂ 'ಡಬಲ್' ಎಂಬ ರೂಪದಲ್ಲಿ ಇಡುತ್ತದೆ. ಅದರಲ್ಲಿ ಪೂರ್ಣಾಂಕಗಳು ಒಂದನ್ನೂ ಬಿಡದೆ ನಿಖರವಾಗಿರುವುದು 9007199254740992ರವರೆಗೆ, ಅಂದರೆ 2ರ 53ನೇ ಘಾತದವರೆಗೆ. ಮೇಲಿನ ವರ್ಗಸಂಖ್ಯೆ 3119882982860264401, 19 ಅಂಕಿಯದು. ಅಷ್ಟು ಎತ್ತರದಲ್ಲಿ ಡಬಲ್ ಇಡುವ ಹೆಜ್ಜೆ 512ರದು. ಒಂದರ ವ್ಯತ್ಯಾಸ ಆ ಹೆಜ್ಜೆಯಡಿ ಕಾಣದಾಗುತ್ತದೆ.

ಸಂಖ್ಯೆಗಳನ್ನು ನಿಖರವಾಗಿಯೇ ಇಡುವ ಸಿಂಬಾಲಿಕ್ ಟೂಲ್‌ಬಾಕ್ಸ್ ಬೇಕಾಗುವುದು ಇಲ್ಲಿ. ಎಸ್, ವೈ, ಎಂ ಎಂಬ ಮೂರಕ್ಷರದ 'ಸಿಮ್' ಫಂಕ್ಷನ್ನಿನ ಕಂಸದಲ್ಲಿ ಎರಡೂ ದೊಡ್ಡ ಸಂಖ್ಯೆಗಳನ್ನು ಇಡಿ, ವರ್ಗದ ಗುರುತು ಕಂಸದ ಹೊರಗಿರಲಿ:

ಸಿಮ್(1766319049)^2 - 61*ಸಿಮ್(226153980)^2

ಉತ್ತರ 1. ಟೈಪ್ ಮಾಡುವಾಗ ಸಿಮ್ ಇಂಗ್ಲಿಷಿನ ಸಣ್ಣಕ್ಷರದಲ್ಲಿರಬೇಕು. ವರ್ಗದ ಗುರುತನ್ನು ಕಂಸದ ಒಳಗೆ ಹಾಕಿದರೆ ಡಬಲ್ ಮೊದಲು ಲೆಕ್ಕ ಕೆಡಿಸಿ, ಆ ಕೆಟ್ಟ ಸಂಖ್ಯೆಯನ್ನು ಸಿಮ್ ಕೈಗೆ ಕೊಡುತ್ತದೆ. ಒಂದೇ ಲೆಕ್ಕ ಎರಡು ಕಡೆ ಎರಡು ಉತ್ತರ ಕೊಟ್ಟಾಗ ಮೊದಲು ನೋಡಬೇಕಾದ ಜಾಗ ಇದು.

ಭಾಷೆಯ ಮೊದಲ ಪರಿಚಯಕ್ಕೆ ಮ್ಯಾಥ್‌ವರ್ಕ್ಸ್‌ನ 'ಆನ್‌ರ್‍ಯಾಂಪ್' ಕೋರ್ಸ್ ಇದೆ. ಪುಕ್ಕಟೆ, ಸುಮಾರು 2 ಗಂಟೆಯದು, ಬ್ರೌಸರಿನಲ್ಲೇ ಆಗುತ್ತದೆ. ಲೈಸೆನ್ಸ್ ಸಿಗುವುದು ತಡವಾದರೆ ಆ ಹೊತ್ತನ್ನು ಇದಕ್ಕೆ ಕೊಡಿ.

ಮ್ಯಾಥಮ್ಯಾಟಿಕಾ, ಆಕ್ಟೇವ್

ಮ್ಯಾಥಮ್ಯಾಟಿಕಾಕ್ಕೂ ಕ್ರಮ ಹೆಚ್ಚುಕಡಿಮೆ ಇದೇ. ಕಾಲೇಜು ಮೇಲಿನಿಂದ ಅದನ್ನು ಮಾಡುವ ವುಲ್ಫ್ರಾಮ್ ಕಂಪನಿಯ ಐಡಿ ತೆರೆದು, ಯೂಸರ್ ಪೋರ್ಟಲಿನಿಂದ ಇಳಿಸಿಕೊಂಡು, ಆಕ್ಟಿವೇಶನ್ ಕೀ ಹಾಕಬೇಕು. ಬಳಕೆಯಲ್ಲಿ ಮೂರು ಸಂಗತಿ ನೆನಪಿರಲಿ. ಎಂಟರ್ ಒತ್ತಿದರೆ ಹೊಸ ಸಾಲು ಬರುತ್ತದೆ ಅಷ್ಟೇ, ಲೆಕ್ಕ ನಡೆಯಲು ಶಿಫ್ಟ್ ಜೊತೆ ಎಂಟರ್. ಫಂಕ್ಷನ್ ಹೆಸರು ದೊಡ್ಡಕ್ಷರದಿಂದ ಶುರು. ಕಂಸ ಚೌಕದ್ದು. ಮೇಲಿನ ಭಾಸ್ಕರರ ಸಾಲನ್ನು ಇದ್ದಂತೆಯೇ ಹಾಕಿದರೆ ಇದು ನೇರವಾಗಿ 1 ಎನ್ನುತ್ತದೆ, ಏಕೆಂದರೆ ಪೂರ್ಣಾಂಕಗಳನ್ನು ಎಷ್ಟೇ ದೊಡ್ಡದಿದ್ದರೂ ನಿಖರವಾಗಿಯೇ ಇಟ್ಟುಕೊಳ್ಳುತ್ತದೆ.

ಯಾವ ಲೈಸೆನ್ಸೂ ಇಲ್ಲದವರು ಕ್ರ್ಯಾಕ್ ಹುಡುಕಬೇಡಿ. ಅದರ ಜೊತೆ ಬರುವ ವೈರಸ್ ಪೆನ್‌ಡ್ರೈವ್ ಹತ್ತಿ ಇಡೀ ಲ್ಯಾಬ್ ಸುತ್ತುತ್ತದೆ. ಗ್ನೂ ಆಕ್ಟೇವ್‌ನಲ್ಲಿ ಮೊದಲ ಎರಡು ವರ್ಷದ ಪ್ರೋಗ್ರಾಮುಗಳಲ್ಲಿ ಹೆಚ್ಚಿನವು ಬದಲಿಲ್ಲದೆ ಓಡುತ್ತವೆ. ಇದೇ ಬಗೆಯ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್ ಸೈಲ್ಯಾಬ್ ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಒಳ್ಳೆಯದು, ಅಲ್ಲಿ ಕನ್ನಡದ ಪಾಠಗಳೂ ಇವೆ.

ಕಾಲೇಜು ಬಿಡುವ ಮುಂಚೆ

ಕ್ಯಾಂಪಸ್ ಲೈಸೆನ್ಸ್ ಇರುವುದು ಓದಿಗೆ, ಸಂಶೋಧನೆಗೆ. ಸಕ್ಕರೆ ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಮಾಡುವಾಗ ಕಂಪನಿಯ ಕೆಲಸವನ್ನು ಇದರಲ್ಲಿ ಮಾಡಿಕೊಡುವಂತಿಲ್ಲ, ಅದಕ್ಕೆ ಕಂಪನಿಯದೇ ಲೈಸೆನ್ಸ್ ಬೇಕು.

ಕೊನೆಯ ಸೆಮಿಸ್ಟರ್ ಮುಗಿದು ಮೇಲ್ ಐಡಿ ಮುಚ್ಚಿದರೆ ಮೊದಲ ಗಂಟೇ ಬಿಚ್ಚಿತು. ಮ್ಯಾಟ್‌ಲ್ಯಾಬ್ ಡ್ರೈವಿನಲ್ಲಿರುವ ಫೈಲುಗಳನ್ನು ಅದಕ್ಕೂ ಮುಂಚೆ ಇಳಿಸಿಕೊಳ್ಳಿ. ಡೇಟಾವನ್ನು ಸಿಎಸ್‌ವಿ ರೂಪದಲ್ಲಿ ಒಂದು ಪ್ರತಿ ಇಡಿ. ಎಂಎಲ್ಎಕ್ಸ್ ಎಂದು ಕೊನೆಯಾಗುವ ಲೈವ್ ಸ್ಕ್ರಿಪ್ಟುಗಳು ಆಕ್ಟೇವ್‌ನಲ್ಲಿ ತೆರೆಯುವುದಿಲ್ಲ, ಅವನ್ನು ಸಾದಾ ಎಂ ಫೈಲಾಗಿ ಸೇವ್ ಮಾಡಿ. ಸಿಮುಲಿಂಕ್ ಮಾಡೆಲ್ ತೆರೆಯಲು ಆಕ್ಟೇವ್‌ಗೆ ಬಾರದು. ಬ್ಲಾಕ್ ಚಿತ್ರವನ್ನು ಪಿಡಿಎಫ್ ಮಾಡಿ, ಪ್ರತಿ ಬ್ಲಾಕಿನ ಬೆಲೆಗಳನ್ನು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರೆದಿಡಿ.